ರಾತ್ರಿ ನಾಲ್ಕು ಸಲ ಏಳುವ ಅಪ್ಪನಿಗೆ ಏನು ಚಿಕಿತ್ಸೆ?

ತ್ರೀ ಫೇಸ್ ಕರೆಂಟು ರಾತ್ರಿ ಪಾಳಿಗೆ ಬಿದ್ದ ವಾರ, ಚನ್ನಗಿರಿ ಸೀಮೆಯ ತೋಟದ ಮನೆಗಳಲ್ಲಿ ಗಂಡಸರು ಹನ್ನೆರಡಕ್ಕೊಮ್ಮೆ, ಎರಡಕ್ಕೊಮ್ಮೆ ಎದ್ದು ಟಾರ್ಚ್ ಹಿಡಿದು ಹೊರಡುವುದು ಯಾರಿಗೂ ವಿಶೇಷ ಅನಿಸುವುದಿಲ್ಲ. ಮೋಟಾರು ಹಾಕಬೇಕು, ನೀರು ತಿರುವಬೇಕು. ಆದರೆ ಪಾಳಿ ಹಗಲಿಗೆ ಬದಲಾದ ಮೇಲೂ ಮನೆಯ ಹಿರಿಯರು ಏಳುತ್ತಲೇ ಇರುತ್ತಾರೆ. ಚಿಲಕ ತೆಗೆದ ಸದ್ದು, ಹಿತ್ತಿಲಲ್ಲಿ ಬಹಳ ಹೊತ್ತು ನಿಂತ ನೆರಳು, ಮತ್ತೆ ಚಿಲಕದ ಸದ್ದು. ಒಂದೂವರೆ ಗಂಟೆ ಕಳೆದರೆ ಅದೇ ಇನ್ನೊಮ್ಮೆ. ಬೆಳಗ್ಗೆ ಸೊಸೆ ‘ಯಾಕ್ ಮಾವ, ನಿದ್ದೆ ಬರ್ಲಿಲ್ವಾ?’ ಅಂದರೆ ‘ಸೆಕೆ ಕಣಮ್ಮ’ ಎಂಬ ಉತ್ತರ ಸಿದ್ಧ.

ಜಗಳೂರಿನಿಂದ ದಾವಣಗೆರೆಗೆ ಹೊರಟ ಬಸ್ಸಿನಲ್ಲಿ ಬೆಳಗ್ಗಿನಿಂದ ಒಂದು ಲೋಟ ನೀರೂ ಕುಡಿಯದೆ ಕೂತ ಹಿರಿಯರಿರುತ್ತಾರೆ. ದಾರಿಯಲ್ಲಿ ಅವಸರವಾದರೆ ಬಸ್ ನಿಲ್ಲಿಸಿ ಎನ್ನಲು ಸಂಕೋಚ. ಹೊನ್ನಾಳಿಯ ಕಲ್ಯಾಣ ಮಂಟಪದಲ್ಲಿ ಮುಂದಿನ ಸಾಲಿಗೆ ಕರೆದರೂ ಬಾರದೆ ಬಾಗಿಲ ಪಕ್ಕದ ಕುರ್ಚಿಯನ್ನೇ ಹಿಡಿಯುವವರಿರುತ್ತಾರೆ. ನ್ಯಾಮತಿಯ ಸಂತೆಗೆ ಹೋಗುವುದನ್ನೇ ಬಿಟ್ಟವರಿರುತ್ತಾರೆ. ಇವರೆಲ್ಲ ‘ವಯಸ್ಸಾಯ್ತಲ್ಲ’ ಎಂದು ಸುಮ್ಮನಾಗಿರುತ್ತಾರೆ. ಮನೆಯವರೂ ಅದನ್ನು ಒಪ್ಪಿಕೊಂಡಿರುತ್ತಾರೆ.

ಒಪ್ಪಿಕೊಳ್ಳಬೇಕಾದ ಕಾಯಿಲೆ ಇದಲ್ಲ. ಪ್ರಾಸ್ಟೇಟ್ ಗ್ರಂಥಿ ದಪ್ಪವಾಗಿ ಮೂತ್ರದ ದಾರಿಯನ್ನು ಒತ್ತುವ ಈ ತೊಂದರೆಗೆ ಇಂದು ಮಾತ್ರೆಯಿಂದ ಹಿಡಿದು ಹೊಟ್ಟೆ ಕೊಯ್ಯದೆ ಮಾಡುವ ಹಲವು ಬಗೆಯ ಚಿಕಿತ್ಸೆಗಳಿವೆ. ಹೆಸರು ಕೇಳಿದವರು ಬಹಳ ಮಂದಿ. ಯಾವುದು ಯಾರಿಗೆ ಎಂಬುದು ಮಾತ್ರ ಗೊಂದಲವಾಗಿಯೇ ಉಳಿದಿದೆ.

ದಾರಿ ಕಿರಿದಾಗುವ ಬಗೆ

ಪ್ರಾಸ್ಟೇಟ್ ಇರುವುದು ಗಂಡಸರಲ್ಲಿ ಮಾತ್ರ. ಮೂತ್ರಕೋಶದ ಕೆಳಗೆ, ಗುದನಾಳದ ಮುಂದೆ ಅದರ ಜಾಗ. ವೀರ್ಯದ ದ್ರವದಲ್ಲಿ ಒಂದು ಪಾಲನ್ನು ತಯಾರಿಸುವುದು ಅದರ ಕೆಲಸ. ಪ್ರಾಯದಲ್ಲಿ ಸುಮಾರು 20 ಗ್ರಾಂ ತೂಗುತ್ತದೆ, ಗಾತ್ರದಲ್ಲಿ ಸಿಪ್ಪೆ ಸುಲಿಯದ ಒಂದು ಅಡಿಕೆಕಾಯಿಯಷ್ಟು. ಮೂತ್ರಕೋಶದಿಂದ ಹೊರಟ ಮೂತ್ರನಾಳ ಈ ಗ್ರಂಥಿಯ ನಟ್ಟನಡುವೆ ಹಾದುಹೋಗುತ್ತದೆ. ತೊಂದರೆಗೆಲ್ಲ ಮೂಲ ಈ ರಚನೆಯೇ.

ವಯಸ್ಸಾದಂತೆ ಗಂಡಸಿನ ಹಾರ್ಮೋನುಗಳ ಪ್ರಭಾವದಿಂದ ಗ್ರಂಥಿಯ ಒಳಭಾಗ ನಿಧಾನವಾಗಿ ಬೆಳೆಯುತ್ತದೆ. 50 ದಾಟಿದ ಗಂಡಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಯಲ್ಲಿ, 80 ದಾಟಿದ ಬಹುತೇಕರಲ್ಲಿ ಈ ಬೆಳವಣಿಗೆ ಇರುತ್ತದೆ. ಎಲ್ಲರಿಗೂ ತೊಂದರೆ ಆಗಬೇಕೆಂದಿಲ್ಲ. ಗ್ರಂಥಿ ಹೊರಮುಖವಾಗಿ ಬೆಳೆದರೆ 80 ಗ್ರಾಂ ಆದರೂ ಮೂತ್ರ ಸಲೀಸಾಗಿ ಹೋಗಬಹುದು. ಒಳಮುಖವಾಗಿ, ಅದರಲ್ಲೂ ಮಧ್ಯದ ಭಾಗ ಮೂತ್ರಕೋಶದ ಬಾಯಿಗೆ ತಳ್ಳಿಕೊಂಡು ಬೆಳೆದರೆ 35 ಗ್ರಾಂ ಗ್ರಂಥಿಯೇ ದಾರಿಯನ್ನು ಪೂರ್ತಿ ಕಟ್ಟಿಹಾಕಬಹುದು. ಸ್ಕ್ಯಾನಿಂಗ್ ವರದಿಯಲ್ಲಿ ಬರೆದ ಗಾತ್ರವನ್ನಷ್ಟೇ ನೋಡಿ ಹೆದರುವುದೂ ತಪ್ಪು, ನಿಶ್ಚಿಂತರಾಗುವುದೂ ತಪ್ಪು.

ಇದು ಕ್ಯಾನ್ಸರ್ ಅಲ್ಲ, ಕ್ಯಾನ್ಸರ್ ಆಗಿ ಬದಲಾಗುವುದೂ ಇಲ್ಲ. ಆದರೆ ಒಂದೇ ಗ್ರಂಥಿಯಲ್ಲಿ ಎರಡೂ ಇರಲು ಸಾಧ್ಯ. ಅದಕ್ಕೇ ಪಿಎಸ್‌ಎ ಎಂಬ ರಕ್ತಪರೀಕ್ಷೆ. ಕ್ಯಾನ್ಸರ್ ಇರಬಹುದೆಂಬ ಭಯಕ್ಕೆ ದೊಡ್ಡವರೂ ಹೊರತಲ್ಲ. 1963ರ ಅಕ್ಟೋಬರ್‌ನಲ್ಲಿ ಬ್ರಿಟನ್ನಿನ ಪ್ರಧಾನಿ ಹೆರಾಲ್ಡ್ ಮ್ಯಾಕ್‌ಮಿಲನ್ ಪ್ರಾಸ್ಟೇಟ್ ತೊಂದರೆಯಿಂದ ಆಸ್ಪತ್ರೆ ಸೇರಿ ಹುದ್ದೆಗೆ ರಾಜೀನಾಮೆ ಕೊಟ್ಟರು. ಅವರಿಗಿದ್ದದ್ದು ಸಾಧಾರಣ ಊತ. ಅದಾದ ಮೇಲೂ ಅವರು 23 ವರ್ಷ ಬದುಕಿದ್ದರು. ಅದೇ ದೇಶದ ದೊರೆ ಮೂರನೇ ಚಾರ್ಲ್ಸ್ 2024ರ ಜನವರಿಯಲ್ಲಿ, ತಮಗೆ ಪ್ರಾಸ್ಟೇಟ್ ದಪ್ಪವಾಗಿದೆ, ಚಿಕಿತ್ಸೆಗೆ ಹೋಗುತ್ತಿದ್ದೇನೆ ಎಂದು ಬಹಿರಂಗವಾಗಿ ಹೇಳಿಸಿದರು. ಅರಮನೆಯಿಂದ ಬಂದ ಆ ಒಂದು ಪ್ರಕಟಣೆ ಕೇಳಿ ಅನೇಕ ಗಂಡಸರು ತಮ್ಮ ತೊಂದರೆಯ ಬಗ್ಗೆ ವಿಚಾರಿಸಲು ತೊಡಗಿದರು. ನಮ್ಮ ಊರುಗಳಲ್ಲಿ ಅಪ್ಪ ಮಗನಿಗೆ ಇಷ್ಟು ಹೇಳಿಕೊಂಡರೂ ಎಷ್ಟೋ ಉಪಕಾರ.

ಮೂತ್ರಕೋಶ ಸೋಲುವ ಮೊದಲು

ಕಿರಿದಾದ ದಾರಿಯಲ್ಲಿ ಮೂತ್ರ ತಳ್ಳಲು ಮೂತ್ರಕೋಶದ ಸ್ನಾಯು ಮೊದಮೊದಲು ಹೆಚ್ಚು ಬಲ ಹಾಕುತ್ತದೆ, ದಪ್ಪವಾಗುತ್ತದೆ. ಈ ಹಂತದಲ್ಲಿ ಅವಸರ ಜಾಸ್ತಿ, ಮತ್ತೆಮತ್ತೆ ಹೋಗಬೇಕೆನಿಸುವುದು ಜಾಸ್ತಿ. ನಿಂತರೆ ತಕ್ಷಣ ಬರುವುದಿಲ್ಲ. ಬಂದರೂ ಧಾರೆ ಸಣ್ಣ, ನಡುನಡುವೆ ನಿಂತು ಹೋಗುತ್ತದೆ, ಮುಗಿಯಿತೆಂದುಕೊಂಡ ಮೇಲೂ ಹನಿ ಬೀಳುತ್ತದೆ.

ವರ್ಷಗಟ್ಟಲೆ ಹೀಗೇ ನಡೆದರೆ ಸ್ನಾಯು ಸೋಲುತ್ತದೆ. ಪ್ರತಿ ಸಲವೂ ಒಂದಿಷ್ಟು ಮೂತ್ರ ಒಳಗೇ ಉಳಿಯುತ್ತದೆ. ಉಳಿದ ಮೂತ್ರದಲ್ಲಿ ಸೋಂಕು, ಕಲ್ಲು. ಒತ್ತಡ ಹಿಂದಕ್ಕೆ ಏರಿದರೆ ಎರಡೂ ಕಿಡ್ನಿಗಳಿಗೆ ಪೆಟ್ಟು. ಇಲ್ಲಿ ಒಂದು ಮೋಸವಿದೆ: ಸ್ನಾಯು ಸೋತಾಗ ಅವಸರವೂ ಉರಿಯೂ ಕಡಿಮೆಯಾಗಿ, ‘ಈಗ ಪರವಾಗಿಲ್ಲ’ ಎನಿಸಬಹುದು. ನೋವಿಲ್ಲದೆ ಹೊಕ್ಕುಳ ಕೆಳಗೆ ಹೊಟ್ಟೆ ಉಬ್ಬಿ, ರಾತ್ರಿ ತಿಳಿಯದೆ ಹಾಸಿಗೆ ಒದ್ದೆಯಾಗುವ ಹಿರಿಯರಲ್ಲಿ ಎಷ್ಟೋ ಸಲ ಮೂತ್ರಕೋಶ ತುಂಬಿ ಹೊರಚೆಲ್ಲುತ್ತಿರುತ್ತದೆ. ವಯಸ್ಸಿನ ದೌರ್ಬಲ್ಯ ಎಂದು ಕೆಳಗೆ ಪ್ಲಾಸ್ಟಿಕ್ ಹಾಸುವ ಮೊದಲು ಒಂದು ಸ್ಕ್ಯಾನಿಂಗ್ ಮಾಡಿಸಬೇಕು.

ಈ ಲೇಖನದಲ್ಲಿ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಎಂಥ ಹೊಸ ಯಂತ್ರ ಬಂದರೂ ಅದು ದಾರಿಯನ್ನಷ್ಟೇ ಬಿಡಿಸುತ್ತದೆ. ಸೋತ ಮೂತ್ರಕೋಶಕ್ಕೆ ಬಲ ತುಂಬುವ ಯಂತ್ರವಿಲ್ಲ. ಲೇಸರ್ ಮಾಡಿಸಿದರೂ ಮೂತ್ರದ ಪೈಪ್ ತಪ್ಪಲಿಲ್ಲ ಎಂದು ಕೆಲವರು ನೊಂದುಕೊಳ್ಳುವುದಕ್ಕೆ ಅನೇಕ ಸಲ ಕಾರಣ, ಐದಾರು ವರ್ಷ ತಡವಾಗಿ ಹೋದದ್ದು.

ರಾತ್ರಿ ಎಚ್ಚರಕ್ಕೆ ಬೇರೆ ಕಾರಣಗಳೂ ಇವೆ

ಸಕ್ಕರೆ ಕಾಯಿಲೆ ಹತೋಟಿ ತಪ್ಪಿದರೆ ಮೂತ್ರ ಹೆಚ್ಚುತ್ತದೆ. ಬಿಪಿಗೋ ಕಾಲಿನ ಬಾವಿಗೋ ಕೊಟ್ಟ ನೀರಿನ ಮಾತ್ರೆಯನ್ನು ಸಂಜೆ ನುಂಗಿದರೆ ರಾತ್ರಿಯೆಲ್ಲ ಓಡಾಟ. ಹೃದಯದ ತೊಂದರೆಯಿಂದ ಹಗಲು ಕಾಲಿನಲ್ಲಿ ನಿಂತ ನೀರು ಮಲಗಿದಾಗ ಕಿಡ್ನಿಗೆ ಬರುತ್ತದೆ. ಜೋರು ಗೊರಕೆಯ ನಡುವೆ ಉಸಿರು ಕಟ್ಟುವವರಿಗೂ ರಾತ್ರಿ ಮೂತ್ರ ಹೆಚ್ಚು. ಇವು ಯಾವುದಕ್ಕೂ ಪ್ರಾಸ್ಟೇಟ್ ಕತ್ತರಿಸಿ ಪ್ರಯೋಜನವಿಲ್ಲ.

ಅದಕ್ಕೇ ಒಳ್ಳೆಯ ವೈದ್ಯರು ಮೊದಲು ಕಥೆ ಕೇಳುತ್ತಾರೆ. ಏಳು ಪ್ರಶ್ನೆಗಳ, 35 ಅಂಕದ ಒಂದು ಪಟ್ಟಿ ಜಗತ್ತಿನೆಲ್ಲೆಡೆ ಬಳಕೆಯಲ್ಲಿದೆ. ರಾತ್ರಿ ಎಷ್ಟು ಸಲ ಏಳುತ್ತೀರಿ, ಮುಕ್ಕಬೇಕಾಗುತ್ತದೆಯೇ, ಖಾಲಿಯಾದಂತೆ ಅನಿಸುತ್ತದೆಯೇ ಎಂದೆಲ್ಲ. 7ರವರೆಗೆ ಸೌಮ್ಯ, 8ರಿಂದ 19 ಮಧ್ಯಮ, 20 ಮತ್ತು ಅದಕ್ಕೆ ಮೇಲೆ ತೀವ್ರ. ಆಮೇಲೆ ಬೆರಳಿನಿಂದ ಗುದದ ಪರೀಕ್ಷೆ. ಮುಜುಗರದ್ದೇ, ಆದರೆ ಅರ್ಧ ನಿಮಿಷದ ಕೆಲಸ. ಗ್ರಂಥಿ ಮೆತ್ತಗಿದೆಯೋ, ಗಂಟಿದೆಯೋ ಅದರಿಂದಲೇ ಗೊತ್ತಾಗುವುದು. ಮೂತ್ರ ಪರೀಕ್ಷೆ, ಕ್ರಿಯಾಟಿನಿನ್, ಪಿಎಸ್‌ಎ, ಹೊಟ್ಟೆಯ ಸ್ಕ್ಯಾನಿಂಗ್. ಸ್ಕ್ಯಾನಿಂಗ್‌ನಲ್ಲಿ ಗ್ರಂಥಿಯ ಗಾತ್ರದಷ್ಟೇ ಮುಖ್ಯವಾದದ್ದು, ಮೂತ್ರ ಮಾಡಿ ಬಂದ ಮೇಲೆ ಒಳಗೆಷ್ಟು ಉಳಿದಿದೆ ಎಂಬ ಲೆಕ್ಕ. ಯಂತ್ರಕ್ಕೆ ಜೋಡಿಸಿದ ಪಾತ್ರೆಯಲ್ಲಿ ಮೂತ್ರ ಮಾಡಿಸಿ ಧಾರೆಯ ವೇಗ ಅಳೆಯುವ ಪರೀಕ್ಷೆಯೂ ಇದೆ. ಸೆಕೆಂಡಿಗೆ 15 ಮಿ.ಲೀ. ಮೇಲಿದ್ದರೆ ಸಾಮಾನ್ಯವಾಗಿ ಸರಿ, 10ಕ್ಕಿಂತ ಕಡಿಮೆಯಾದರೆ ಅಡ್ಡಿಯಿರುವ ಅನುಮಾನ.

ಮಾತ್ರೆಯ ಕಾಲ

ಹೆಚ್ಚಿನವರಿಗೆ ಶುರುವಿನಲ್ಲಿ ಮಾತ್ರೆ ಸಾಕು. ಎರಡು ಬಗೆ. ಟ್ಯಾಮ್ಸುಲೋಸಿನ್, ಸಿಲೊಡೋಸಿನ್ ಜಾತಿಯವು ಗ್ರಂಥಿಯ ಸ್ನಾಯುಗಳನ್ನು ಸಡಿಲ ಮಾಡುತ್ತವೆ, ಕೆಲವೇ ದಿನಗಳಲ್ಲಿ ಗುಣ ತೋರಿಸುತ್ತವೆ, ಆದರೆ ಗಾತ್ರ ಇಳಿಸುವುದಿಲ್ಲ. ಫಿನಾಸ್ಟರೈಡ್, ಡುಟಾಸ್ಟರೈಡ್ ಜಾತಿಯವು ದೊಡ್ಡ ಗ್ರಂಥಿಯನ್ನು ಕಾಲುಭಾಗದಷ್ಟು ಕುಗ್ಗಿಸಬಲ್ಲವು, ಆದರೆ ಆರು ತಿಂಗಳು ಕಾಯಬೇಕು. ಗ್ರಂಥಿ ದೊಡ್ಡದಿದ್ದವರಿಗೆ ಎರಡನ್ನೂ ಸೇರಿಸಿ ಕೊಡುತ್ತಾರೆ. ಮೂರು ಸಾವಿರಕ್ಕೂ ಹೆಚ್ಚು ಗಂಡಸರನ್ನು ಹಲವು ವರ್ಷ ಗಮನಿಸಿ 2003ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು, ಒಂದೊಂದನ್ನೇ ಕೊಟ್ಟದ್ದಕ್ಕಿಂತ ಎರಡೂ ಸೇರಿದಾಗ ಕಾಯಿಲೆ ಮುಂದುವರಿಯುವುದು ಹೆಚ್ಚು ತಗ್ಗುತ್ತದೆಂದು ತೋರಿಸಿತು.

ಮಾತ್ರೆ ನುಂಗುವವರು ತಿಳಿದಿರಬೇಕಾದ ಮೂರು ವಿಷಯಗಳಿವೆ. ಮೊದಲನೆಯದು, ಮೊದಲ ಬಗೆಯ ಮಾತ್ರೆಯಿಂದ ಎದ್ದು ನಿಂತಾಗ ತಲೆ ಸುತ್ತಬಹುದು. ಕತ್ತಲಲ್ಲಿ ಹಿತ್ತಿಲಿಗೆ ಹೋಗುವವರು ಮಂಚದ ಅಂಚಿನಲ್ಲಿ ಸ್ವಲ್ಪ ಕೂತು ಏಳಬೇಕು. ಹಿರಿಯರ ಸೊಂಟದ ಮೂಳೆ ಮುರಿಯಲು ಒಮ್ಮೆ ಬಿದ್ದರೆ ಸಾಕು. ಎರಡನೆಯದು, ಎರಡನೇ ಬಗೆಯ ಮಾತ್ರೆ ಪಿಎಸ್‌ಎ ಅಂಕಿಯನ್ನು ಅರ್ಧಕ್ಕೆ ಇಳಿಸುತ್ತದೆ. ವರದಿ ನೋಡುವ ವೈದ್ಯರಿಗೆ ಮಾತ್ರೆಯ ಸಂಗತಿ ತಿಳಿಸದಿದ್ದರೆ ಕ್ಯಾನ್ಸರಿನ ಸುಳಿವು ಕೈತಪ್ಪಬಹುದು. ಮೂರನೆಯದನ್ನು ಕಣ್ಣಿನ ಶಿಬಿರಕ್ಕೆ ಅಜ್ಜಂದಿರನ್ನು ಕರೆದೊಯ್ಯುವ ಪ್ರತಿಯೊಬ್ಬರೂ ಗಟ್ಟಿಯಾಗಿ ನೆನಪಿಡಬೇಕು. ಟ್ಯಾಮ್ಸುಲೋಸಿನ್ ನುಂಗುವವರ ಕಣ್ಣಿನ ಪಾಪೆ ಪೊರೆಯ ಆಪರೇಷನ್ ಹೊತ್ತಿಗೆ ಸರಿಯಾಗಿ ಅರಳದೆ, ಅದರ ಸುತ್ತಲಿನ ಬಣ್ಣದ ಪದರ ಜೋಲಾಗಿ ತೊಂದರೆ ಕೊಡಬಹುದು. 2005ರಲ್ಲಿ ಮೊದಲ ಸಲ ವರದಿಯಾದ ಸಂಗತಿ ಇದು. ಮೊದಲೇ ಹೇಳಿದರೆ ಕಣ್ಣಿನ ವೈದ್ಯರು ತಯಾರಿ ಮಾಡಿಕೊಳ್ಳುತ್ತಾರೆ. ‘ಮೂತ್ರದ ಮಾತ್ರೆಗೂ ಕಣ್ಣಿಗೂ ಏನು ಸಂಬಂಧ’ ಎಂದು ಚೀಟಿ ಮನೆಯಲ್ಲೇ ಬಿಟ್ಟು ಹೋಗಬಾರದು.

ನೆಗ್ಗಿಲ ಮುಳ್ಳಿನ ಕಷಾಯ, ಬಾರ್ಲಿ ನೀರು, ಎಳನೀರು ಇವೆಲ್ಲ ಮನೆಮನೆಯಲ್ಲೂ ಇವೆ. ಉರಿಗೆ ಹಿತವೆನಿಸಬಹುದು. ಬೆಳೆದ ಗ್ರಂಥಿ ಕಟ್ಟಿದ ದಾರಿಯನ್ನು ಅವು ತೆರೆಯುವುದಿಲ್ಲ. ಅದನ್ನೇ ನಂಬಿ ತಿಂಗಳುಗಟ್ಟಲೆ ಕಾಯಬೇಡಿ.

ಹೊಟ್ಟೆ ಕೊಯ್ಯುತ್ತಿದ್ದ ದಿನಗಳು

ಭಾರತದಲ್ಲಿ ಇಂಡಿಯನ್ ಮೆಡಿಕಲ್ ಸರ್ವಿಸ್‌ನಲ್ಲಿ ವರ್ಷಗಟ್ಟಲೆ ದುಡಿದು ಲಂಡನ್ನಿಗೆ ಮರಳಿದ ಐರಿಷ್ ಶಸ್ತ್ರವೈದ್ಯ ಪೀಟರ್ ಫ್ರೇಯರ್, 1900ರಲ್ಲಿ ಕಿಬ್ಬೊಟ್ಟೆ ಕೊಯ್ದು, ಮೂತ್ರಕೋಶ ತೆರೆದು, ಬೆರಳಿನಿಂದಲೇ ಗ್ರಂಥಿಯ ಗಡ್ಡೆ ಬಿಡಿಸಿ ತೆಗೆಯುವ ಆಪರೇಷನ್ನನ್ನು ಜನಪ್ರಿಯಗೊಳಿಸಿದರು. ಹಳಬರ ನೆನಪಿನಲ್ಲಿ ‘ಪ್ರಾಸ್ಟೇಟ್ ಆಪರೇಷನ್’ ಎಂದರೆ ಇದೇ: ಹೊಲಿಗೆ, ರಕ್ತ ಏರಿಸುವುದು, ವಾರಗಟ್ಟಲೆ ಆಸ್ಪತ್ರೆ. ಆ ಹೆದರಿಕೆ ಇಂದಿಗೂ ಹಳ್ಳಿಗಳಲ್ಲಿ ಆಪರೇಷನ್ ಮುಂದೂಡಿಸುತ್ತಿದೆ.

1926ರಲ್ಲಿ ನ್ಯೂಯಾರ್ಕಿನ ಮ್ಯಾಕ್ಸಿಮಿಲಿಯನ್ ಸ್ಟರ್ನ್ ಮೂತ್ರನಾಳದ ಒಳಗಿನಿಂದಲೇ ತೂರಿಸಿ, ವಿದ್ಯುತ್ತಿನ ತಂತಿಯಿಂದ ಗ್ರಂಥಿಯನ್ನು ಚೂರುಚೂರಾಗಿ ಕೊರೆಯುವ ಉಪಕರಣ ತಂದರು. ಅದೇ ಸುಧಾರಿಸುತ್ತ ಬಂದು ಇಂದಿನ ಟಿಯುಆರ್‌ಪಿ ಆಗಿದೆ. ಹೊರಗೆ ಒಂದೂ ಗಾಯವಿಲ್ಲ. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಸೊಂಟದ ಕೆಳಗೆ ಮರಗಟ್ಟಿಸಿ, ಸುಮಾರು ಒಂದು ಗಂಟೆಯೊಳಗೆ ಮುಗಿಯುವ ಕೆಲಸ. ಎರಡು ಮೂರು ದಿನ ಪೈಪ್, ಆಮೇಲೆ ಮನೆ. ಹಿಂದೆ ತೊಳೆಯಲು ಬಳಸುತ್ತಿದ್ದ ದ್ರವ ರಕ್ತಕ್ಕೆ ಸೇರಿ ಸೋಡಿಯಂ ಇಳಿದು ಅಪಾಯವಾಗುವುದಿತ್ತು. ಸಲೈನ್‌ನಲ್ಲೇ ಕೆಲಸ ಮಾಡುವ ಬೈಪೋಲಾರ್ ಯಂತ್ರ ಬಂದ ಮೇಲೆ ಆ ಭಯ ಬಹುಮಟ್ಟಿಗೆ ಹೋಗಿದೆ. ಸುಮಾರು 80 ಗ್ರಾಂವರೆಗಿನ ಗ್ರಂಥಿಗೆ ಇದು ಇಂದಿಗೂ ಭದ್ರವಾದ ಆಯ್ಕೆ.

ಲೇಸರ್ ಬಗ್ಗೆ ಎರಡು ಮಾತು ಹೇಳಲೇಬೇಕು. ‘ಲೇಸರ್ ಮಾಡಿಸಿದರೆ ಮಾತ್ರ ಒಳ್ಳೆಯದು’ ಎಂಬ ನಂಬಿಕೆ ಬೇರೂರಿದೆ. ಬ್ರಿಟನ್ನಿನ ಏಳು ಆಸ್ಪತ್ರೆಗಳಲ್ಲಿ 410 ಗಂಡಸರ ಮೇಲೆ ಥೂಲಿಯಂ ಲೇಸರನ್ನೂ ಮಾಮೂಲಿ ಟಿಯುಆರ್‌ಪಿಯನ್ನೂ ಹೋಲಿಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವರ್ಷದ ಕೊನೆಗೆ ತೊಂದರೆ ಕಡಿಮೆಯಾದದ್ದು ಎರಡರಲ್ಲೂ ಸಮವಾಗಿತ್ತು. ಮೂತ್ರದ ಧಾರೆಯ ವೇಗ ಟಿಯುಆರ್‌ಪಿಯಲ್ಲೇ ತುಸು ಹೆಚ್ಚಿತ್ತು. ಸಾಧಾರಣ ಗಾತ್ರದ ಗ್ರಂಥಿಗೆ, ಕೈಪಳಗಿದ ವೈದ್ಯರು ಟಿಯುಆರ್‌ಪಿ ಮಾಡುತ್ತೇನೆಂದರೆ ಎರಡನೇ ದರ್ಜೆಯ ಚಿಕಿತ್ಸೆ ಸಿಗುತ್ತಿದೆ ಎಂದು ಕೊರಗಬೇಕಾಗಿಲ್ಲ, ಲೇಸರಿಗಾಗಿ ಸಾಲ ಮಾಡಬೇಕಾಗಿಯೂ ಇಲ್ಲ.

ಲೇಸರ್ ನಿಜವಾಗಿ ಗೆಲ್ಲುವ ಕಡೆ ಬೇರೆ. ನ್ಯೂಜಿಲೆಂಡಿನ ಪೀಟರ್ ಗಿಲ್ಲಿಂಗ್ ಮತ್ತು ಸಂಗಡಿಗರು 1990ರ ದಶಕದಲ್ಲಿ ರೂಪಿಸಿದ ಹೋಲೆಪ್ ವಿಧಾನದಲ್ಲಿ ಹೋಲ್ಮಿಯಂ ಲೇಸರಿನಿಂದ ಗಡ್ಡೆಯನ್ನು ಹೊರಪದರದಿಂದ ಇಡಿಯಾಗಿ ಬಿಡಿಸಿ, ಮೂತ್ರಕೋಶಕ್ಕೆ ತಳ್ಳಿ, ಅಲ್ಲಿ ಪುಡಿಮಾಡಿ ಹೀರಿ ತೆಗೆಯುತ್ತಾರೆ. ಹಿಂದೆ ಹೊಟ್ಟೆ ಕೊಯ್ಯದೆ ವಿಧಿಯಿಲ್ಲ ಎನ್ನುತ್ತಿದ್ದ 100, 150 ಗ್ರಾಂ ಗ್ರಂಥಿಗಳನ್ನೂ ಹೀಗೆ ತೆಗೆಯಬಹುದು. ರಕ್ತಸ್ರಾವ ಕಡಿಮೆಯಾದ್ದರಿಂದ, ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡು ರಕ್ತ ತೆಳುವಾಗುವ ಮಾತ್ರೆ ನುಂಗುವವರಿಗೆ ಅನುಕೂಲ. ಕಲಿಯಲು ಕಷ್ಟದ ವಿದ್ಯೆ ಇದು. ಯಂತ್ರ ಯಾವುದು ಎಂದು ಕೇಳುವುದಕ್ಕಿಂತ, ಇಂಥದ್ದನ್ನು ಎಷ್ಟು ಮಾಡಿದ್ದೀರಿ ಎಂದು ವೈದ್ಯರನ್ನು ಕೇಳುವುದು ಮೇಲು. ಕೇಳುವುದು ಅವಮಾನವಲ್ಲ. ಕೇಳಿಸಿಕೊಂಡವರು ಬೇಸರಪಟ್ಟುಕೊಳ್ಳಲೂಬಾರದು.

ಹಬೆ, ಕ್ಲಿಪ್ಪು, ರಕ್ತನಾಳದ ದಾರಿ

ಈಚಿನ ವರ್ಷಗಳಲ್ಲಿ ಜಾಹೀರಾತುಗಳಲ್ಲಿ ಕಾಣುವ ‘ಕತ್ತರಿಸದ’ ಚಿಕಿತ್ಸೆಗಳು ಇವಕ್ಕಿಂತಲೂ ಹಗುರ.

ರೆಝೂಮ್ ಎಂಬುದರಲ್ಲಿ ಸುಮಾರು 103 ಡಿಗ್ರಿಯ ನೀರಿನ ಹಬೆಯನ್ನು ಸೂಜಿಯ ಮೂಲಕ ಗ್ರಂಥಿಯೊಳಗೆ ಪ್ರತಿ ಸಲ 9 ಸೆಕೆಂಡಿನಂತೆ ಬಿಡುತ್ತಾರೆ. ಹಬೆ ತಾಗಿದ ಜೀವಕೋಶಗಳು ಸತ್ತು, ದೇಹವೇ ಅವನ್ನು ವಾರಗಟ್ಟಲೆ ಹೀರಿಕೊಳ್ಳುತ್ತದೆ. ಕೆಲವೇ ನಿಮಿಷದ ಕೆಲಸ, ಅದೇ ದಿನ ಮನೆ. ಆದರೆ ಊತದಿಂದಾಗಿ ಕೆಲವು ದಿನ ಪೈಪ್ ಬೇಕು. ಪೂರ್ತಿ ಗುಣ ಕಾಣಲು ಮೂರು ತಿಂಗಳಾದರೂ ಹಿಡಿಯುತ್ತದೆ. 30ರಿಂದ 80 ಗ್ರಾಂ ಗಾತ್ರಕ್ಕೆ ಇದು ಹೊಂದುತ್ತದೆ. ಐದು ವರ್ಷ ಗಮನಿಸಿದ ಮೂಲ ಅಧ್ಯಯನದಲ್ಲಿ ಮತ್ತೆ ಆಪರೇಷನ್ ಬೇಕಾದವರು ನೂರಕ್ಕೆ ಸುಮಾರು 4 ಮಂದಿ.

ಯೂರೋಲಿಫ್ಟ್‌ನಲ್ಲಿ ಏನನ್ನೂ ಸುಡುವುದಿಲ್ಲ, ಕೊರೆಯುವುದಿಲ್ಲ. ಒಳಮುಖವಾಗಿ ಬೆಳೆದ ಗ್ರಂಥಿಯ ಎರಡು ಬದಿಗಳನ್ನು ಪುಟ್ಟ ಕ್ಲಿಪ್ಪುಗಳಿಂದ ಪಕ್ಕಕ್ಕೆ ಎಳೆದು ಕಟ್ಟುತ್ತಾರೆ. ಗುಣ ಬೇಗ ಕಾಣುತ್ತದೆ, ಲೈಂಗಿಕ ಕ್ರಿಯೆಗೆ ತೊಂದರೆಯಿಲ್ಲ. ಆದರೆ ಅದರ ಅಧ್ಯಯನದಲ್ಲಿ ಐದು ವರ್ಷದೊಳಗೆ ನೂರಕ್ಕೆ 13–14 ಮಂದಿಗೆ ಮತ್ತೆ ಚಿಕಿತ್ಸೆ ಬೇಕಾಯಿತು. ಮಧ್ಯದ ಭಾಗ ದೊಡ್ಡದಾಗಿ ಬೆಳೆದವರಿಗೆ ಅಷ್ಟಾಗಿ ಒಗ್ಗದು. ಅಲ್ಟ್ರಾಸೌಂಡ್ ನೋಡುತ್ತ, ಕಂಪ್ಯೂಟರ್ ಹಿಡಿತದಲ್ಲಿ, ರಭಸದ ನೀರಿನ ಧಾರೆಯಿಂದ ಗ್ರಂಥಿಯನ್ನು ಕೊರೆಯುವ ಅಕ್ವಾಬ್ಲೇಷನ್ ಎಂಬುದೂ ಇದೆ. ಅದಕ್ಕೆ ಅರಿವಳಿಕೆ, ಆಸ್ಪತ್ರೆ ವಾಸ ಎರಡೂ ಬೇಕು.

ಇವೆಲ್ಲಕ್ಕಿಂತ ಬೇರೆಯದು ರಕ್ತನಾಳದ ಮೂಲಕ ಮಾಡುವ ಚಿಕಿತ್ಸೆ. ಹೃದಯದ ಆಂಜಿಯೋಗ್ರಾಂ ಮಾಡುವಂತೆಯೇ ತೊಡೆಸಂದಿನ ಅಥವಾ ಮಣಿಕಟ್ಟಿನ ರಕ್ತನಾಳದಿಂದ ಸಣ್ಣ ಕೊಳವೆ ತೂರಿಸಿ, ಪ್ರಾಸ್ಟೇಟಿಗೆ ಹೋಗುವ ನಾಳವನ್ನು ಹುಡುಕಿ, ಮಿಲಿಮೀಟರಿನ ಮೂರನೇ ಒಂದು ಭಾಗದಷ್ಟು ಸಣ್ಣ ಕಣಗಳಿಂದ ಅದನ್ನು ಮುಚ್ಚುತ್ತಾರೆ. ರಕ್ತ ಸಿಗದ ಗ್ರಂಥಿ ಕೆಲವು ವಾರಗಳಲ್ಲಿ ಕುಗ್ಗುತ್ತದೆ. ಮಾಡುವವರು ಯೂರಾಲಜಿಸ್ಟ್ ಅಲ್ಲ, ಇಂಟರ್‌ವೆನ್ಷನಲ್ ರೇಡಿಯಾಲಜಿಸ್ಟ್. ಪೂರ್ತಿ ಅರಿವಳಿಕೆ ಬೇಡ, ಚುಚ್ಚಿದ ಜಾಗ ಮರಗಟ್ಟಿಸಿದರೆ ಸಾಕು. ಟಿಯುಆರ್‌ಪಿಯಷ್ಟು ಬಲವಾದ ಫಲ ಸಿಗುವುದಿಲ್ಲ, ಮುಂದೆ ಮತ್ತೆ ಚಿಕಿತ್ಸೆ ಬೇಕಾಗುವ ಸಂಭವವೂ ಹೆಚ್ಚು. ವಯಸ್ಸಾದವರ ರಕ್ತನಾಳ ಸುರುಳಿಯಾಗಿ ಗಟ್ಟಿಯಾಗಿದ್ದರೆ ಕೊಳವೆ ತಲುಪುವುದೇ ಕಷ್ಟ. ಆದರೂ ಇದರ ಜಾಗ ಇದಕ್ಕಿದೆ.

ಪೈಪ್ ಹಾಕಿಕೊಂಡು ಕೂತವರು

ಮದುವೆ ಊಟ ಮುಗಿಸಿ, ಬಹಳ ಹೊತ್ತು ತಡೆದುಕೊಂಡು, ಮನೆಗೆ ಬಂದು ನಿಂತರೆ ಒಂದು ಹನಿಯೂ ಬಾರದು. ಹೊಟ್ಟೆ ಬಿರಿಯುವಂಥ ನೋವು. ಮೂತ್ರ ಕಟ್ಟಿಕೊಳ್ಳುವುದೆಂದರೆ ಇದು. ಮದ್ಯ, ಮಲಬದ್ಧತೆ, ಮೆಡಿಕಲ್ ಶಾಪಿನಿಂದ ಚೀಟಿಯಿಲ್ಲದೆ ತಂದ ನೆಗಡಿ ಮಾತ್ರೆ ಇವು ಸಾಮಾನ್ಯ ಕಾರಣಗಳು. ಮೂಗು ಬಿಡಿಸುವ ಔಷಧವೇ ಮೂತ್ರಕೋಶದ ಬಾಯಿಯನ್ನು ಬಿಗಿ ಮಾಡುತ್ತದೆ. ಆ ರಾತ್ರಿ ಮಾಡಬೇಕಾದದ್ದು ಒಂದೇ, ಹತ್ತಿರದ ತಾಲ್ಲೂಕು ಆಸ್ಪತ್ರೆ. ಪೈಪ್ ಹಾಕಿದ ಕೂಡಲೇ ನೋವು ಇಳಿಯುತ್ತದೆ.

ಆಮೇಲೆ ಮಾತ್ರೆ ಶುರುಮಾಡಿ, ಎರಡು ಮೂರು ದಿನ ಬಿಟ್ಟು ಪೈಪ್ ತೆಗೆದು ನೋಡುತ್ತಾರೆ. ಅರ್ಧಕ್ಕಿಂತ ಹೆಚ್ಚು ಮಂದಿಗೆ ಮೂತ್ರ ತಾನಾಗಿ ಹೋಗುತ್ತದೆ. ಹೋಗದವರಿಗೆ ಆಪರೇಷನ್ ಬೇಕು. ‘ಹಾರ್ಟ್ ವೀಕ್ ಇದೆ, ಬೆನ್ನಿಗೆ ಇಂಜೆಕ್ಷನ್ ಕೊಡೋಕಾಗಲ್ಲ’ ಎಂದು ಯಾರೋ ಒಮ್ಮೆ ಹೇಳಿದ್ದನ್ನು ಕಡೆಯ ಮಾತೆಂದು ತಿಳಿದು, ವರ್ಷಗಟ್ಟಲೆ ಮೂತ್ರದ ಚೀಲವನ್ನು ಪಂಚೆಯ ಮರೆಯಲ್ಲಿಟ್ಟುಕೊಂಡು ಪಡಸಾಲೆಯ ಮೂಲೆಯಲ್ಲಿ ಕೂತ ಹಿರಿಯರಿದ್ದಾರೆ. ಅವರು ಜಾತ್ರೆಗೂ ಹೋಗುವುದಿಲ್ಲ, ತೋಟಕ್ಕೂ ಇಳಿಯುವುದಿಲ್ಲ. ಮಾಮೂಲಿ ಪೈಪ್ ಎರಡು ಮೂರು ವಾರಕ್ಕೊಮ್ಮೆ ಬದಲಾಗಬೇಕು, ಸಿಲಿಕಾನಿನದು ಇನ್ನೂ ಹೆಚ್ಚು ದಿನ ಬರುತ್ತದೆ. ಚೀಲ ಯಾವಾಗಲೂ ಮೂತ್ರಕೋಶಕ್ಕಿಂತ ಕೆಳಗಿರಬೇಕು. ಇಷ್ಟು ಜೋಪಾನ ಮಾಡಿದರೂ ಸೋಂಕು ಬರುತ್ತದೆ.

ಹಗುರ ಚಿಕಿತ್ಸೆಗಳು ಹೆಚ್ಚು ಅಗತ್ಯವಾಗಿ ತಲುಪಬೇಕಾದದ್ದು ಇವರಿಗೆ. ಬ್ರೆಜಿಲ್ಲಿನ ಸಾವೊ ಪಾಲೊದಲ್ಲಿ ಫ್ರಾನ್ಸಿಸ್ಕೊ ಕಾರ್ನೆವಾಲೆ 2008ರಲ್ಲಿ ಪ್ರಾಸ್ಟೇಟಿನ ರಕ್ತನಾಳ ಮುಚ್ಚುವ ಚಿಕಿತ್ಸೆಯನ್ನು ಮೊದಲು ಮಾಡಿದ್ದೇ ಮೂತ್ರ ಕಟ್ಟಿ ಪೈಪ್ ಹಾಕಿಕೊಂಡಿದ್ದ ಇಬ್ಬರಿಗೆ. ಇಬ್ಬರಿಗೂ ಪೈಪ್ ಹೋಯಿತು. ಮನೆಯಲ್ಲಿ ಇಂಥ ಹಿರಿಯರಿದ್ದರೆ, ಹಳೆಯ ‘ಆಗಲ್ಲ’ ಎಂಬ ಮಾತನ್ನು ಇನ್ನೊಮ್ಮೆ ಯೂರಾಲಜಿಸ್ಟ್, ಅರಿವಳಿಕೆ ತಜ್ಞ ಇಬ್ಬರ ಮುಂದೆಯೂ ಇಟ್ಟು ಕೇಳಿ. ಲೇಸರ್ ಆಗುತ್ತದೆಯೇ, ರಕ್ತನಾಳದ ದಾರಿ ಆಗುತ್ತದೆಯೇ, ಮೂತ್ರಕೋಶಕ್ಕೆ ಇನ್ನೂ ಬಲವಿದೆಯೇ ಎಂದು ಪರೀಕ್ಷಿಸಿಯೇ ತೀರ್ಮಾನವಾಗಲಿ.

ಊರು, ದೂರ, ದುಡ್ಡು

1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಚನ್ನಗಿರಿ, ಹೊನ್ನಾಳಿ ಬಂದದ್ದು ಶಿವಮೊಗ್ಗದಿಂದ, ಜಗಳೂರು ಬಂದದ್ದು ಚಿತ್ರದುರ್ಗದಿಂದ. ನ್ಯಾಮತಿ ಆಮೇಲೆ ಹೊನ್ನಾಳಿಯಿಂದ ಬೇರೆಯಾದ ತಾಲ್ಲೂಕು. ಆಸ್ಪತ್ರೆಯ ದಾರಿಗಳು ಹಳೆಯ ನಕ್ಷೆಯನ್ನೇ ಹಿಡಿದಿವೆ. ನ್ಯಾಮತಿ, ಚನ್ನಗಿರಿಯವರು ಶಿವಮೊಗ್ಗದ ಬಸ್ಸು ಹತ್ತುವುದೇ ಹೆಚ್ಚು. ಅಲ್ಲಿ ಮೆಗ್ಗಾನ್ ಆಸ್ಪತ್ರೆಯಿದೆ. ಜಗಳೂರಿನವರಿಗೆ ದಾವಣಗೆರೆ. ಅಲ್ಲಿ ಚಿಗಟೇರಿ ಜಿಲ್ಲಾ ಆಸ್ಪತ್ರೆ, 1965ರಿಂದ ಇರುವ ಜೆಜೆಎಂ ವೈದ್ಯಕೀಯ ಕಾಲೇಜು, ಅದಕ್ಕೆ ಹೊಂದಿಕೊಂಡ ಬಾಪೂಜಿ ಆಸ್ಪತ್ರೆ ಇವೆ. ರೆಝೂಮ್, ಯೂರೋಲಿಫ್ಟ್‌ನಂಥವನ್ನು ಹುಡುಕಿಕೊಂಡು ಹೋಗುವವರು ಸಾಮಾನ್ಯವಾಗಿ ಬೆಂಗಳೂರಿನ ಖಾಸಗಿ ಆಸ್ಪತ್ರೆಗಳ ಕಡೆ ನೋಡಬೇಕಾಗುತ್ತದೆ. ಅವುಗಳ ಒಮ್ಮೆ ಬಳಸಿ ಬಿಸಾಡುವ ಸಾಮಗ್ರಿಯೇ ದುಬಾರಿ.

ನನ್ನ ಅಭಿಪ್ರಾಯದಲ್ಲಿ ದೂರವನ್ನೂ ಚಿಕಿತ್ಸೆಯ ಲೆಕ್ಕಕ್ಕೆ ಸೇರಿಸಬೇಕು. ಬೆಂಗಳೂರಿನ ಫ್ಲಾಟಿನಲ್ಲಿರುವ 58ರ ಉದ್ಯೋಗಿಗೆ ಅದೇ ದಿನ ಮನೆಗೆ ಕಳಿಸುವ ಚಿಕಿತ್ಸೆ ಹಗುರ. ಪೈಪ್ ಕಟ್ಟಿಕೊಂಡರೆ ಅರ್ಧ ಗಂಟೆಯಲ್ಲಿ ವಾಪಸ್ ಹೋಗಬಹುದು. ಜಗಳೂರಿನ ಹಟ್ಟಿಯೊಂದರ 72ರ ರೈತನಿಗೆ, ಹಬೆ ಚಿಕಿತ್ಸೆಯ ನಂತರ ಪೈಪ್ ಹೊತ್ತು ಬಸ್ಸಿನಲ್ಲಿ ಊರಿಗೆ ಬಂದು, ತೆಗೆಸಲು ಮತ್ತೆ ಹೋಗಿ, ಕೆಲವು ವರ್ಷಕ್ಕೆ ಪುನಃ ಚಿಕಿತ್ಸೆ ಬೇಕಾದರೆ ಅದು ಹಗುರವಲ್ಲ. ಅವನಿಗೆ ಜಿಲ್ಲಾ ಕೇಂದ್ರದಲ್ಲೇ ನಾಲ್ಕು ದಿನ ಮಲಗಿ ಒಮ್ಮೆಗೇ ಮುಗಿಸಿಕೊಂಡು ಬರುವ ಟಿಯುಆರ್‌ಪಿ ಹೆಚ್ಚು ಸಲೀಸಾಗಬಹುದು.

ದುಡ್ಡಿನ ದಾರಿಯೂ ಇದೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ, ಎಪಿಎಲ್ ಕುಟುಂಬಕ್ಕೆ ನಿಗದಿತ ದರದ ಶೇ 30ರಷ್ಟು, ವರ್ಷಕ್ಕೆ 1.5 ಲಕ್ಷದವರೆಗೆ ನೆರವು. ಮೂತ್ರನಾಳದ ಮೂಲಕ ಮಾಡುವ ಪ್ರಾಸ್ಟೇಟ್ ಆಪರೇಷನ್ ಯೋಜನೆಯ ಪಟ್ಟಿಯಲ್ಲಿದೆ. ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ, ಅಲ್ಲಿ ಆಗದಿದ್ದರೆ ಅಲ್ಲಿಂದಲೇ ಪತ್ರ ಪಡೆದು ನೋಂದಾಯಿತ ಖಾಸಗಿ ಆಸ್ಪತ್ರೆಗೆ ಹೋಗುವುದು ಕ್ರಮ. ನೇರವಾಗಿ ಖಾಸಗಿಗೆ ಹೋಗಿ ಸೇರಿಕೊಂಡು, ಆಮೇಲೆ ಕಾರ್ಡು ತೋರಿಸಿದರೆ ಪರದಾಟ. ಸಹಕಾರಿಗಳಿಗೆ 2003ರಲ್ಲಿ ಶುರುವಾದ ಯಶಸ್ವಿನಿ, ನಡುವೆ ನಿಂತು 2023ರ ಜನವರಿಯಿಂದ ಮತ್ತೆ ನಡೆಯುತ್ತಿದೆ. ಚನ್ನಗಿರಿಯ ತುಮ್ಕೋಸ್‌ನಂಥ ಅಡಿಕೆ ಸಂಘದಿಂದ ಹಿಡಿದು ಹಳ್ಳಿಯ ಹಾಲಿನ ಡೇರಿ, ಸೊಸೈಟಿಗಳವರೆಗೆ ಸದಸ್ಯರು ಹೆಚ್ಚಿರುವ ಸೀಮೆ ಇದು. ನೋಂದಣಿಯ ಅವಧಿ ತಪ್ಪಿಸಿಕೊಳ್ಳದೆ ಅಪ್ಪ, ಅಮ್ಮನ ಹೆಸರು ಸೇರಿಸುವುದು ಮಕ್ಕಳ ಕೆಲಸ.

ಆದ ಮೇಲೆ

ಟಿಯುಆರ್‌ಪಿ, ಹೋಲೆಪ್ ಎರಡರಲ್ಲೂ ಬಹುತೇಕರಿಗೆ ಆಮೇಲೆ ಸಂಭೋಗದಲ್ಲಿ ವೀರ್ಯ ಹೊರಬರುವುದಿಲ್ಲ, ಹಿಂದಕ್ಕೆ ಮೂತ್ರಕೋಶಕ್ಕೆ ಹೋಗುತ್ತದೆ. ಅಪಾಯವೇನಿಲ್ಲ, ನಿಮಿರುವಿಕೆಗೆ ಸಾಮಾನ್ಯವಾಗಿ ಧಕ್ಕೆಯಿಲ್ಲ. ಆದರೆ ಇದನ್ನು ಆಪರೇಷನ್ನಿಗೆ ಮೊದಲೇ ಹೇಳಬೇಕು. ವಯಸ್ಸಾದವರಿಗೆ ಯಾಕೆ ಬೇಕು ಈ ವಿಷಯ ಎಂದು ಬೇರೆಯವರು ತೀರ್ಮಾನಿಸುವುದು ಸರಿಯಲ್ಲ. ಅದು ಮುಖ್ಯವೆನಿಸಿದವರಿಗೆ ಯೂರೋಲಿಫ್ಟ್, ರೆಝೂಮ್, ರಕ್ತನಾಳದ ಚಿಕಿತ್ಸೆಗಳು ಹೆಚ್ಚು ಒಗ್ಗುತ್ತವೆ.

ಮನೆಗೆ ಬಂದ ಮೇಲೆ ಎರಡು ಮೂರು ವಾರ ಆಗಾಗ ಮೂತ್ರ ಕೆಂಪಾಗುವುದು ಸಹಜ. ನೀರು ಹೆಚ್ಚು ಕುಡಿಯಬೇಕು, ಮಲಬದ್ಧತೆ ಆಗದಂತೆ ನೋಡಿಕೊಳ್ಳಬೇಕು. ನಾಲ್ಕಾರು ವಾರ ಚೀಲ ಹೊರುವುದು, ಟ್ರ್ಯಾಕ್ಟರ್ ಓಡಿಸುವುದು, ಕಚ್ಚಾ ರಸ್ತೆಯಲ್ಲಿ ಬೈಕು ಬೇಡ. ಅಡಿಕೆ ಸುಗ್ಗಿಯ ನಡುವೆ ದಿನ ಗೊತ್ತುಮಾಡಿಕೊಂಡರೆ ಇದು ನಡೆಯುವುದಿಲ್ಲ, ಸುಗ್ಗಿ ನೋಡಿಕೊಂಡೇ ದಿನ ಕೇಳಿ. ಹೆಪ್ಪುಗಟ್ಟಿದ ರಕ್ತ ಬಿದ್ದು ಮೂತ್ರ ನಿಂತರೆ, ಚಳಿಜ್ವರ ಬಂದರೆ ಅದೇ ದಿನ ಆಸ್ಪತ್ರೆಗೆ. ಅವಸರ, ಅಲ್ಪಸ್ವಲ್ಪ ಸೋರಿಕೆ ಕೆಲವರಿಗೆ ಕೆಲವು ವಾರ ಇದ್ದು ಹೋಗುತ್ತದೆ.

ಇನ್ನೊಂದು ಸಂಗತಿ ಬಿಟ್ಟುಹೋಗುವುದೇ ಹೆಚ್ಚು. ಈ ಯಾವ ಚಿಕಿತ್ಸೆಯಲ್ಲೂ ಪ್ರಾಸ್ಟೇಟನ್ನು ಪೂರ್ತಿಯಾಗಿ ತೆಗೆಯುವುದಿಲ್ಲ. ಬೆಳೆದ ಒಳಭಾಗ ಹೋಗುತ್ತದೆ, ಹೊರಪದರ ಉಳಿಯುತ್ತದೆ. ಕ್ಯಾನ್ಸರ್ ಸಾಮಾನ್ಯವಾಗಿ ಹುಟ್ಟುವುದು ಆ ಹೊರಪದರದಲ್ಲೇ. ಕತ್ತರಿಸಿ ತೆಗೆದ ಚೂರುಗಳನ್ನು ಪರೀಕ್ಷೆಗೆ ಕಳಿಸಿದ್ದರೆ ಅದರ ವರದಿಯನ್ನು ಕೇಳಿ ಪಡೆದು ಇಟ್ಟುಕೊಳ್ಳಬೇಕು. ಮುಂದೆ ಪಿಎಸ್‌ಎ ಎಷ್ಟು ದಿನಕ್ಕೊಮ್ಮೆ ಮಾಡಿಸಬೇಕು ಎಂಬುದನ್ನು ಡಿಸ್ಚಾರ್ಜ್ ಚೀಟಿಯಲ್ಲೇ ಬರೆಸಿಕೊಂಡು ಬನ್ನಿ.